ಶಂಖ ಊದಿದ ಮೇಲಿನ ದರ

ಹೊಳೆಯ ಈಚೆ ದಡದಲ್ಲಿ ಒಂದು ಊರಿತ್ತು. ಆ ಊರಿನಲ್ಲಿ ದರ ಎನ್ನುವುದು ಶಂಖ ಊದಿದ ಮೇಲೆ ಮಾತ್ರ ಹುಟ್ಟುತ್ತಿತ್ತು.

ಆಚೆ ದಡದಲ್ಲಿ ವೈದ್ಯರಿದ್ದರು, ನ್ಯಾಯಸ್ಥಾನವಿತ್ತು, ಸೆರೆಮನೆಯಿತ್ತು. ರೋಗಿಯನ್ನು ಹೊತ್ತವರು, ವ್ಯಾಜ್ಯವನ್ನು ಹೊತ್ತವರು, ಸೆರೆಯಲ್ಲಿರುವ ಮಗನ ಮುಖ ನೋಡಬೇಕೆಂದವರು, ಎಲ್ಲರೂ ಆ ಹೊಳೆ ದಾಟಲೇಬೇಕು. ದೋಣಿ ಒಂದೇ. ಅದು ಹೊರಡುವುದು ದಿನಕ್ಕೆ ಒಂದೇ ಸಲ, ಬೆಳಿಗ್ಗೆ. ನಡೆದು ಬಂದವರು ಊರು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಇಳಿದಿರುತ್ತಿತ್ತು. ಹಾಗಾಗಿ ಬಂದವರೆಲ್ಲ ಒಂದು ರಾತ್ರಿ ಅಲ್ಲಿ ತಂಗಲೇಬೇಕು. ಊರಿನಲ್ಲಿ ತಂಗುಮನೆಗಳಲ್ಲದೆ ಬೇರೆ ಮನೆಗಳಿರಲಿಲ್ಲ.

ಬೆಳಿಗ್ಗೆ ಅಂಬಿಗ ದಡದಲ್ಲಿ ನಿಂತು ಶಂಖ ಊದುತ್ತಿದ್ದ. ಮೊದಲನೆಯ ಶಂಖವೆಂದರೆ ದೋಣಿ ಸಿದ್ಧ. ಎರಡನೆಯ ಶಂಖವೆಂದರೆ ದೋಣಿ ಹೊರಟಿತು. ಎರಡರ ನಡುವೆ ನೂರು ಎಣಿಸುವಷ್ಟು ಹೊತ್ತು. ಆ ಹೊತ್ತಿನಲ್ಲಿ, ಅದಕ್ಕೆ ಮೊದಲಲ್ಲ, ಮನೆಯ ಒಡೆಯ ತನ್ನ ಬಾಗಿಲಲ್ಲಿ ನಿಂತು, ಹೊರಡುವವರ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ನೋಡಿ, ಕಿವಿಯಲ್ಲಿ ದರ ಹೇಳುತ್ತಿದ್ದ. ಮುಖದಲ್ಲಿ ತುರ್ತು ಎಷ್ಟೋ ದರವೂ ಅಷ್ಟು. ಮದುವೆಗೆ ಹೊರಟವನಿಗೆ ಹತ್ತು ಬಿಲ್ಲೆ. ವ್ಯಾಜ್ಯಕ್ಕೆ ಹೊರಟವನಿಗೆ ಇಪ್ಪತ್ತೈದು. ಜ್ವರ ಬಂದ ಮಗುವನ್ನು ಎತ್ತಿಕೊಂಡವಳಿಗೆ, ಅವಳ ಬಳಿ ಇದ್ದಷ್ಟು. ವಾದಿಸಲು ಯಾರಿಗೂ ಸಮಯವಿರಲಿಲ್ಲ. ಕಿವಿಯಲ್ಲಿ ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳಿದರೆ ದೋಣಿ ಮುಳುಗುತ್ತದೆ ಎಂಬ ನಂಬಿಕೆ ಬೇರೆ. ಹಾಗಾಗಿ ಪಕ್ಕದ ಕೋಣೆಯವನು ಎಷ್ಟು ಕೊಟ್ಟನೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಈ ಊರಿನಲ್ಲಿ ಕಾನೂನು ಇರಲಿಲ್ಲವೆಂದು ತಿಳಿಯಬೇಡಿ. ಇತ್ತು. ಅದರ ಅರ್ಥದಲ್ಲಿ ಯಾವ ಗೊಂದಲವೂ ಇರಲಿಲ್ಲ. ತಂಗುಮನೆ ನಡೆಸುವ ಪ್ರತಿಯೊಬ್ಬರೂ ಬಾಗಿಲ ಬಲಗಡೆ ಒಂದು ಕರಿಹಲಗೆ ತೂಗುಹಾಕತಕ್ಕದ್ದು. ಆ ಹಲಗೆಯ ಮೇಲೆ ಕೋಣೆಯ ದರವನ್ನು, ಬೀದಿಯಲ್ಲಿ ನಿಂತವರಿಗೆ ಕಾಣುವಂತೆ, ಗೇಣುದ್ದದ ಅಕ್ಷರದಲ್ಲಿ, ಅತಿಥಿ ಹೊಸ್ತಿಲು ದಾಟುವ ಮೊದಲೇ ಬರೆದಿರತಕ್ಕದ್ದು. ವರ್ಷಕ್ಕೊಮ್ಮೆ ಊರಿನವರೆಲ್ಲ ಮಿಂದು ಮಡಿಯುಟ್ಟು ಬೀದಿಯಲ್ಲಿ ಸೇರಿ ಇದನ್ನು ರಾಗವಾಗಿ ಹೇಳುತ್ತಿದ್ದರು. ಕೊನೆಯ ಮಾತು ಬಂದಾಗ ಎಲ್ಲರೂ ದನಿಗೂಡಿಸುತ್ತಿದ್ದರು: ಬರೆದಿರತಕ್ಕದ್ದು, ಬರೆದಿರತಕ್ಕದ್ದು. ಮುದುಕರ ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಮನೆಗೆ ಹೋಗಿ ಖಾಲಿ ಹಲಗೆಗೆ ಅರಿಸಿನ ಕುಂಕುಮ ಹಚ್ಚಿ, ಹಾರ ಹಾಕಿ, ಕೈ ಮುಗಿಯುತ್ತಿದ್ದರು. ಬರೆದರೆ ಹಲಗೆ ಮೈಲಿಗೆಯಾಗುತ್ತದೆ ಎನ್ನುತ್ತಿದ್ದರು. ಪೂಜೆಯ ಹಲಗೆಯ ಮೇಲೆ ಯಾರಾದರೂ ಬರೆಯುತ್ತಾರೆಯೇ?

ಈ ಎರಡು ಮಾತು ಒಂದೇ ಬಾಯಲ್ಲಿ ಹೇಗೆ ಹಿಡಿಸುತ್ತಿದ್ದವೆಂದು ನನ್ನನ್ನು ಕೇಳಬೇಡಿ. ಹಿಡಿಸುತ್ತಿದ್ದವು.

ಆ ಊರಿನಲ್ಲಿ ಅತಿ ದೊಡ್ಡ ಮನೆ ತೊಂಬತ್ತು ಕೋಣೆಯವನದು. ಅತಿ ಚಿಕ್ಕದು ಮೂರು ಕೋಣೆಯವಳದು. ಅವಳು ಗಂಡ ಸತ್ತವಳು. ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ. ಮುಖ ನೋಡುವುದರಲ್ಲಿ ಅತ್ತೆಯನ್ನು ಮೀರಿಸಿದವರು ಹಿಂದೆ ಯಾರೂ ಇರಲಿಲ್ಲವಂತೆ. ಅತ್ತೆಯ ಕಣ್ಣಿಗೆ ಪೊರೆ ಬಂದ ಮೇಲೆ ಆ ಕೆಲಸ ಸೊಸೆಗೆ ಬಂತು. ಹನ್ನೊಂದು ವರ್ಷ ಅವಳು ಶಂಖಗಳ ನಡುವೆ ಬಾಗಿಲಲ್ಲಿ ನಿಂತಳು. ಹನ್ನೊಂದು ವರ್ಷ ಗಲ್ಲ ಹಿಡಿದಳು, ಬೆಳಕಿಗೆ ತಿರುಗಿಸಿದಳು, ಕಿವಿಯಲ್ಲಿ ಹೇಳಿದಳು. ಒಮ್ಮೆಯೂ ತಪ್ಪಲಿಲ್ಲ.

ಒಂದು ಬೆಳಿಗ್ಗೆ ಮೂರನೆಯ ಕೋಣೆಯ ಹೆಂಗಸು ಸೆರಗನ್ನು ಮುಖದ ಮೇಲೆ ಪೂರ್ತಿ ಎಳೆದುಕೊಂಡು ಹೊರಬಂದಳು. ಮೊದಲನೆಯ ಶಂಖ ಆಗಲೇ ಮೊಳಗಿತ್ತು.

"ಮುಖ ತೋರಿಸಮ್ಮ," ಅಂದಳು ಮೂರು ಕೋಣೆಯವಳು.

"ಯಾಕೆ?"

"ದರ ಹೇಳಬೇಕಲ್ಲ."

"ನಾನು ಮಲಗಿದ್ದು ಕೋಣೆಯಲ್ಲಿ ಕಣಮ್ಮ, ನನ್ನ ಮುಖದಲ್ಲಲ್ಲ. ತಿರುಗಿ ಕೋಣೆಯನ್ನು ನೋಡು. ನೋಡಿ ಹೇಳು."

"ಹೊಳೆಯಾಚೆ ಯಾರಿದ್ದಾರೆ ನಿನಗೆ?"

"ಅದನ್ನು ಹೇಳಿದರೆ ದರ ಏರುತ್ತದೆ."

ಮೂರು ಕೋಣೆಯವಳು ತಿರುಗಿ ನೋಡಿದಳು. ಒಂದು ಚಾಪೆ, ಒಂದು ಕೊಡ, ಒಂದು ದೀಪ, ನಾಲ್ಕು ಗೋಡೆ. ಹನ್ನೊಂದು ವರ್ಷ ದಿನವೂ ಗುಡಿಸಿದ ಕೋಣೆ. ಅದರ ದರ ಎಷ್ಟೆಂದು ಅವಳಿಗೆ ಗೊತ್ತಿರಲಿಲ್ಲ. ಎರಡನೆಯ ಶಂಖ ಮೊಳಗಿತು.

"ಹೋಗಮ್ಮ, ಇವತ್ತು ಏನೂ ಬೇಡ, ಓಡು," ಅಂದಳು.

"ಕೊಡದೆ ಹೋದವಳು ಅನ್ನಿಸಿಕೊಳ್ಳಲಾರೆ," ಅಂದಳು ಆ ಹೆಂಗಸು. "ನಿನಗೆ ಗೊತ್ತಾಗುವ ತನಕ ಇಲ್ಲೇ ಕೂತಿರುತ್ತೇನೆ." ಹೇಳಿದಂತೆಯೇ ಜಗಲಿಯ ಮೇಲೆ ಕೂತಳು. ದೋಣಿ ಅವಳನ್ನು ಬಿಟ್ಟು ಹೋಯಿತು. ಆಚೆ ದಡದಲ್ಲಿ ಆ ದಿನ ಅವಳಿಗಾಗಿ ಕಾದಿದ್ದವರು ಯಾರೋ, ಕಾದರೋ ಬಿಟ್ಟರೋ, ಅವಳು ಹೇಳಲಿಲ್ಲ. ಸೆರಗಿನ ಒಳಗೆ ಅತ್ತಳೇ ಎಂಬುದೂ ತಿಳಿಯಲಿಲ್ಲ.

ಮೂರು ಕೋಣೆಯವಳು ಇಡೀ ದಿನ ಕೋಣೆಯೊಳಗೆ ಕೂತು ಯೋಚಿಸಿದಳು. ದೀಪಕ್ಕೆ ಎಣ್ಣೆ. ಕೊಡಕ್ಕೆ ನೀರು ಹೊರುವ ಶ್ರಮ. ಚಾಪೆ ಸವೆಯುವುದು. ಗೋಡೆಗೆ ಸುಣ್ಣ. ತನ್ನ ಮತ್ತು ಅತ್ತೆಯ ಎರಡು ಹೊತ್ತಿನ ಊಟ, ಕಾಯಿಲೆ ಕಸಾಲೆಗೆಂದು ಒಂದಿಷ್ಟು. ಎಲ್ಲ ಸೇರಿಸಿದರೆ ಒಂಬತ್ತು ಬಿಲ್ಲೆ. ತಪ್ಪಿರಬೇಕೆಂದು ಮತ್ತೆ ಮೊದಲಿನಿಂದ ಸೇರಿಸಿದಳು. ಒಂಬತ್ತೇ. ಹಿಂದಿನ ದಿನ ಒಬ್ಬ ಮುದುಕನಿಂದ ಅವಳು ನಲವತ್ತು ಪಡೆದಿದ್ದಳು.

ಮರುದಿನ ಆ ಹೆಂಗಸು ಎರಡು ರಾತ್ರಿಗೆ ಹದಿನೆಂಟು ಕೊಟ್ಟು, ಸೆರಗು ಸರಿಸದೆಯೇ ದೋಣಿ ಹತ್ತಿದಳು. ಅವಳ ಮುಖ ಹೇಗಿತ್ತೆಂದು ಮೂರು ಕೋಣೆಯವಳಿಗೆ ಕೊನೆಗೂ ತಿಳಿಯಲಿಲ್ಲ. ಅವಳು ಒಳಗೆ ಬಂದು ಸುಣ್ಣ ಕಲಸಿದಳು.

"ಏನೇ ಅದು, ಇವತ್ತು ಹಲಗೆಗೆ ಹಾರ ಹಾಕಲಿಲ್ಲ?" ಅಂದಳು ಅತ್ತೆ.

"ಬರೆಯುತ್ತೇನೆ ಅತ್ತೆ."

"ಏನು ಬರೀತೀ? ನನ್ನ ತಿಥಿಯ ದಿನವಾ?"

"ದರ."

ಅತ್ತೆ ನಕ್ಕಳು. ಸೊಸೆ ನಗಲಿಲ್ಲ. ಅತ್ತೆಯ ನಗು ಅಲ್ಲಿಗೇ ನಿಂತಿತು. "ಹುಚ್ಚು ಹಿಡೀತಾ ನಿನಗೆ? ತೊಂಬತ್ತು ಕೋಣೆಯವನು ಬಾಗಿಲು ಮುಚ್ಚಿಸುತ್ತಾನೆ. ಈ ಮೂರು ಕೋಣೆ ಹೋದರೆ ನಮಗೆ ಕೂರೋದಕ್ಕೆ ಒಂದು ಕಲ್ಲೂ ಇಲ್ಲ, ತಿಳಿದಿದೆಯಾ?"

"ತಿಳಿದಿದೆ."

"ಮೂವತ್ತು ವರ್ಷ ಮುಖ ನೋಡಿಯೇ ನಿನ್ನ ಗಂಡನನ್ನು ಸಾಕಿದೆ. ಈಗ ನೀನೊಬ್ಬಳು ಒಳ್ಳೆಯವಳಾಗಿಬಿಟ್ಟೆ, ನಾನು ಕಳ್ಳಿ. ಅಲ್ವಾ?"

"ಒಳ್ಳೆಯವಳು ಅಂತ ಬರೆಯುತ್ತಿಲ್ಲ ಅತ್ತೆ. ಒಂಬತ್ತು ಅಂತ ಬರೆಯುತ್ತಿದ್ದೇನೆ."

ಅವಳು ಗೇಣು ಹಾಕಿ ಅಳೆದು ಬರೆದಳು. ಮುಕ್ಕಾಲು ಗೇಣಲ್ಲ, ಒಂದು ಗೇಣು. ಹಲಗೆಯ ತುಂಬ ಸುಣ್ಣದ ಅಕ್ಷರ ನಿಂತಿತು: ಒಂದು ಕೋಣೆಗೆ, ಒಂದು ರಾತ್ರಿಗೆ, ಒಂಬತ್ತು. ಯಾರಿಗಾದರೂ ಅಷ್ಟೇ.

ಅತ್ತೆ ಹಲಗೆಯ ಹತ್ತಿರ ಮೂಗು ತಂದು ಬಹಳ ಹೊತ್ತು ನೋಡಿದಳು. "ಒಂಬತ್ತು ಸೊಟ್ಟಗಿದೆ," ಅಂದಳು.

ಬರೆದ ತಕ್ಷಣ ಜನ ನುಗ್ಗಿ ಬಂದರೆಂದು ನೀವು ಅಂದುಕೊಂಡರೆ ಅದು ತಪ್ಪು. ಮೂರು ದಿನ ಒಬ್ಬರೂ ಒಳಗೆ ಬರಲಿಲ್ಲ. ದಾರಿಹೋಕರು ಹಲಗೆಯ ಮುಂದೆ ನಿಂತು ಓದಿದರು, ಒಬ್ಬರನ್ನೊಬ್ಬರು ನೋಡಿಕೊಂಡರು.

"ಇದರಲ್ಲಿ ಏನೋ ಮೋಸ ಇದೆ ಕಣಯ್ಯ. ಇಲ್ಲದಿದ್ದರೆ ಯಾಕೆ ಬರೀತಾರೆ?"

"ಹೌದಪ್ಪ. ಬರೆಯದವರನ್ನಾದರೂ ನಂಬಬಹುದು."

ನಾಲ್ಕನೆಯ ದಿನ ಮೂವರು ಬಂದರು. ಬೇರೆಲ್ಲ ಮನೆ ತುಂಬಿತ್ತು, ಅದಕ್ಕೇ ಬಂದರು. ಬೆಳಿಗ್ಗೆ ಮೊದಲನೆಯ ಶಂಖ ಊದಿದಾಗ ಮೂವರೂ ಅಭ್ಯಾಸದಂತೆ ಬಾಗಿಲಲ್ಲಿ ನಿಂತು ಗಲ್ಲ ಎತ್ತಿ ಹಿಡಿದರು. ಅವಳು ಗಲ್ಲ ಮುಟ್ಟಲಿಲ್ಲ. ಹಲಗೆಯ ಕಡೆ ಕೈ ತೋರಿಸಿದಳು. ಅವರು ಒಂಬತ್ತು ಕೊಟ್ಟರು. ನೂರು ಎಣಿಸುವಷ್ಟು ಹೊತ್ತಿನಲ್ಲಿ ತೊಂಬತ್ತೆರಡು ಎಣಿಸುವಷ್ಟು ಹೊತ್ತು ಹಾಗೆಯೇ ಉಳಿಯಿತು. ಅದನ್ನು ಏನು ಮಾಡಬೇಕೆಂದು ತೋಚದೆ ಒಬ್ಬನು ಹೊಳೆಯಲ್ಲಿ ಮುಖ ತೊಳೆದುಕೊಂಡ. ಅವರು ದೋಣಿಯಲ್ಲಿ ಕೂತು ಒಬ್ಬರಿಗೊಬ್ಬರು ದರ ಹೇಳಿಕೊಂಡರು, ಗಟ್ಟಿಯಾಗಿಯೇ. ದೋಣಿ ಮುಳುಗಲಿಲ್ಲ.

ಆ ಸುದ್ದಿ ದಡದಿಂದ ದಡಕ್ಕೆ ಹೋಯಿತು. ಆಮೇಲೆ ಮೂರು ಕೋಣೆಯೂ ಖಾಲಿ ಉಳಿಯಲಿಲ್ಲ.

ಎಂಟನೆಯ ದಿನ ತೊಂಬತ್ತು ಕೋಣೆಯವನು ಬಂದ. ಹಿಂದೆ ಊರಿನ ಒಡೆಯರೆಲ್ಲ, ಕೈಯಲ್ಲಿ ಹಾಲಿನ ಕೊಡ. ಅವನ ಮಾತು ಯಾವಾಗಲೂ ಮೆತ್ತಗೆ.

"ತಂಗೀ, ತಿಳಿಯದೆ ಮಾಡಿದ್ದೀಯೆ, ಯಾರೂ ನಿನ್ನನ್ನು ಬೈಯುವುದಿಲ್ಲ. ಸ್ವಲ್ಪ ಯೋಚನೆ ಮಾಡು. ಹಲಗೆಗೆ ಕಣ್ಣಿದೆಯಾ? ಬಡವ ಬಂದರೂ ಒಂಬತ್ತು, ಸಾಹುಕಾರ ಬಂದರೂ ಒಂಬತ್ತು. ಇದು ನ್ಯಾಯವಾ? ನಾವು ಮುಖ ನೋಡುತ್ತೇವೆ. ಮುಖ ನೋಡಿ ಹೇಳುವುದೇ ಅಂತಃಕರಣ."

"ಅಣ್ಣಾ, ಯಾವ ಬಡವನ ಮುಖ ನೋಡಿ ಕಡಿಮೆ ಮಾಡಿದ್ದೀರಿ? ಒಬ್ಬನನ್ನು ಹೇಳಿ."

ಅವನು ಹಿಂದೆ ತಿರುಗಿ ನೋಡಿದ. ಹಿಂದಿದ್ದವರು ತಮ್ಮ ಹಿಂದೆ ನೋಡಿದರು.

"ಕಿವಿಯಲ್ಲಿ ಹೇಳಿದ್ದನ್ನು ಹೊರಗೆ ಹೇಳಬಾರದು," ಅಂದ ತೊಂಬತ್ತು ಕೋಣೆಯವನು.

ಅವರು ಹಲಗೆಗೆ ಹಾಲೆರೆದು ತೊಳೆದರು, ಅರಿಸಿನ ಹಚ್ಚಿದರು, ಕೈ ಮುಗಿದು ಹೋದರು. ಅವಳು ಒರೆಸಿದಳು, ಸುಣ್ಣ ಕಲಸಿದಳು, ಗೇಣು ಹಾಕಿ ಬರೆದಳು. ಮರುದಿನ ಅವರು ಬಂದು ತೊಳೆದರು. ಅವಳು ಬರೆದಳು. ಅವರು ತೊಳೆದರು. ಅವಳು ಬರೆದಳು. ಹೀಗೆ ತೊಳೆಯತೊಡಗಿದ ಐದನೆಯ ದಿನ ಅತ್ತೆ ಒಂದು ಪಾತ್ರೆ ಹಿಡಿದು ಬಾಗಿಲಿಗೆ ಬಂದಳು. "ಗಟ್ಟಿ ಹಾಲು ಕಣಪ್ಪ. ಎಲ್ಲ ಹಲಗೆಗೇ ಸುರಿಯಬೇಡಿ, ಇದಕ್ಕೂ ಒಂದಿಷ್ಟು ಹಾಕಿ. ಮುದುಕಿ ಕುಡಿದುಕೊಳ್ಳುತ್ತೇನೆ," ಅಂದಳು. ಬೀದಿಯಲ್ಲಿ ನಿಂತಿದ್ದ ದಾರಿಹೋಕರು ನಕ್ಕರು. ಆ ಊರಿನಲ್ಲಿ ದಾರಿಹೋಕರು ನಕ್ಕಿದ್ದು ಅದೇ ಮೊದಲು. ತೊಂಬತ್ತು ಕೋಣೆಯವನು ಆ ನಗುವನ್ನು ಕೇಳಿಸಿಕೊಂಡ, ಮತ್ತು ಅದೇ ದಿನ ರಾಜಧಾನಿಗೆ ಆಳು ಕಳಿಸಿದ.

ರಾಜಧಾನಿಯಿಂದ ಹಲಗೆ ಎಣಿಸುವವನು ಬಂದ. ವರ್ಷಕ್ಕೊಮ್ಮೆ ಬಂದು, ಊರಿನಲ್ಲಿ ಎಷ್ಟು ಬಾಗಿಲು, ಎಷ್ಟು ಹಲಗೆ ಎಂದು ಎಣಿಸಿ, ಎರಡೂ ಒಂದೇ ಇದ್ದರೆ ಕಾನೂನು ಪಾಲನೆಯಾಗಿದೆ ಎಂದು ಬರೆದುಕೊಂಡು ಹೋಗುವುದು ಅವನ ಉದ್ಯೋಗ. ಹಲಗೆಯಿಲ್ಲದ ಬಾಗಿಲಿಗೆ ಮುದ್ರೆ ಹಾಕುವ ಅಧಿಕಾರ ಅವನೊಬ್ಬನಿಗೇ. ಅವನು ಕೆಟ್ಟವನಲ್ಲ. ಒಳ್ಳೆಯವನೂ ಅಲ್ಲ. ಎಣಿಸುವವನು.

ಅವನು ಮೂರು ಕೋಣೆಯವಳ ಹಲಗೆಯ ಮುಂದೆ ನಿಂತು, ಓದಿ, ತನ್ನ ಪುಸ್ತಕ ನೋಡಿ, ಮತ್ತೆ ಓದಿದ.

"ಇದು ಹಲಗೆಯಲ್ಲ," ಅಂದ.

"ಮತ್ತೇನು ಸ್ವಾಮಿ?"

"ಇದು ದರ. ನಾನು ಎಣಿಸುವುದು ಹಲಗೆಯನ್ನು. ಕಣ್ಣೆತ್ತಿದರೆ ನನಗೆ ದರ ಕಾಣುತ್ತದೆ, ಹಲಗೆ ಕಾಣುವುದಿಲ್ಲ. ಕಾಣದ್ದನ್ನು ಇದೆ ಎಂದು ಹೇಗೆ ಬರೆದುಕೊಳ್ಳಲಿ?"

"ಕಾನೂನನ್ನು ಒಮ್ಮೆ ಹೇಳಿ ಸ್ವಾಮಿ."

ಅವನಿಗೆ ಕಾನೂನು ಬಾಯಿಪಾಠ. ಕಣ್ಣು ಮುಚ್ಚಿ ರಾಗವಾಗಿ ಶುರು ಮಾಡಿದ. ಒಡೆಯರು ಚಪ್ಪಲಿ ಕಳಚಿ ನಿಂತರು. ಕೊನೆಯ ಮಾತು ಬಂದಾಗ ಎಲ್ಲರ ಬಾಯಿಂದಲೂ, ತೊಂಬತ್ತು ಕೋಣೆಯವನ ಬಾಯಿಂದಲೂ, ಅದು ತಾನಾಗಿ ಬಂತು: ಬರೆದಿರತಕ್ಕದ್ದು, ಬರೆದಿರತಕ್ಕದ್ದು.

"ಬರೆದಿದ್ದೇನೆ," ಅಂದಳು ಮೂರು ಕೋಣೆಯವಳು.

ಹಲಗೆ ಎಣಿಸುವವನು ಕಣ್ಣು ಬಿಟ್ಟ. ಒಂದು ಕ್ಷಣ ಅವನ ಮುಖದಲ್ಲಿ, ನಿದ್ದೆಯಿಂದ ಎದ್ದವನು ಇದು ಯಾರ ಮನೆ ಎಂದು ನೋಡುವ ಹಾಗಿನ ಒಂದು ನೋಟ ಬಂತು. ಮುಖ ನೋಡಬಲ್ಲ ಅವಳಿಗೆ ಅದು ಕಂಡಿತು. ಅವಳಿಗೆ ಅದು ಕಂಡಿತೆಂದು ಅವನಿಗೂ ತಿಳಿಯಿತು. ಕೂಡಲೇ ತಲೆ ತಗ್ಗಿಸಿ ಪುಸ್ತಕ ತೆರೆದ.

"ನಿನ್ನ ಕೈಯಿಂದಲೇ ತೊಳೆದುಬಿಡಮ್ಮ," ಅಂದ ಸಣ್ಣ ದನಿಯಲ್ಲಿ. "ತೊಳೆದರೆ ಎಣಿಸುತ್ತೇನೆ. ಎಣಿಸಿದರೆ ಬಾಗಿಲು ನಿನ್ನದು. ಒಂದು ತಂಬಿಗೆ ನೀರು, ಅಷ್ಟೇ ಕೆಲಸ."

ಅತ್ತೆ ಒಳಗಿನಿಂದ ಒಂದು ತಂಬಿಗೆ ನೀರು ತಂದು ಸೊಸೆಯ ಪಕ್ಕದಲ್ಲಿ ನಿಂತಳು. ಮೂರು ಕೋಣೆಯವಳು ತಂಬಿಗೆ ತೆಗೆದುಕೊಂಡಳು. ಎಲ್ಲರೂ ನೋಡುತ್ತಿದ್ದ ಹಾಗೆ ಎತ್ತಿ, ಗಟಗಟ ಕುಡಿದು, ಖಾಲಿ ತಂಬಿಗೆಯನ್ನು ಹಲಗೆ ಎಣಿಸುವವನ ಕೈಗೆ ಕೊಟ್ಟಳು.

ಬಾಗಿಲಿಗೆ ಮುದ್ರೆ ಬಿತ್ತು. ಹಲಗೆಯನ್ನು ಬಿಚ್ಚಿ ಹೊತ್ತುಕೊಂಡು ಹೋದರು. ಚಾಪೆ, ಕೊಡ, ದೀಪ ಒಳಗೇ ಉಳಿದವು. ಅತ್ತೆ ಸೊಸೆ ಬೀದಿಯಲ್ಲಿ ನಿಂತರು.

"ಕಲ್ಲೂ ಇಲ್ಲ ಅಂದಿದ್ದೆ," ಅಂದಳು ಅತ್ತೆ. "ಸುಳ್ಳು. ಊರ ಬಾಗಿಲಲ್ಲಿ ಒಂದು ಕಲ್ಲಿದೆ. ನಡಿ."

ಊರಿಗೆ ಎರಡು ದಾರಿ, ಒಂದು ತೆಂಕಣದಿಂದ, ಒಂದು ಬಡಗಣದಿಂದ. ಎರಡೂ ಸೇರುವಲ್ಲಿ ಒಂದು ಚಪ್ಪಡಿಕಲ್ಲು. ಇಬ್ಬರೂ ಅದರ ಮೇಲೆ ಕೂತರು. ಮಧ್ಯಾಹ್ನ ಇಳಿಯುತ್ತಿದ್ದಂತೆ ದಾರಿಹೋಕರು ಬರತೊಡಗಿದರು. ಮೊದಲು ಬಂದವನು ಒಬ್ಬ ಬಡಗಿ, ಬೆನ್ನ ಮೇಲೆ ಹೆಂಡತಿಯನ್ನು ಹೊತ್ತಿದ್ದ. ಮೂರು ಕೋಣೆಯವಳಿಗೆ ಈಗ ಕೋಣೆಗಳಿರಲಿಲ್ಲ. ಅವಳ ಬಳಿ ಉಳಿದಿದ್ದು ಒಂದೇ ವಿದ್ಯೆ. ಅವಳು ಎದ್ದು ಹೋಗಿ ಬಡಗಿಯ ಮುಖ ನೋಡಿದಳು. ನೋಡಿ, ಬೀದಿಗೆಲ್ಲ ಕೇಳುವಂತೆ ಹೇಳಿದಳು:

"ಅಣ್ಣಾ, ನಾಳೆ ಬೆಳಿಗ್ಗೆ ಶಂಖ ಊದಿದ ಮೇಲೆ ನಿನ್ನ ಕಿವಿಯಲ್ಲಿ ಅರವತ್ತು ಅನ್ನುತ್ತಾರೆ. ಕೋಣೆಗೆ ತಗಲುವುದು ಒಂಬತ್ತು. ಹೊಸ್ತಿಲು ದಾಟುವ ಮೊದಲೇ ಕೇಳು."

ಬಡಗಿ ತೊಂಬತ್ತು ಕೋಣೆಯವನ ಬಾಗಿಲಿಗೆ ಹೋಗಿ, ಬೀದಿಯಲ್ಲೇ ನಿಂತು ಕೇಳಿದ: "ಎಷ್ಟು?"

"ಒಳಗೆ ಬಾರಪ್ಪ, ಬೆಳಿಗ್ಗೆ ನೋಡೋಣ."

"ಎಷ್ಟು?"

"ಹೆಂಡತಿಗೆ ಹುಷಾರಿಲ್ಲ ಅಂತ ಕಾಣುತ್ತೆ. ಮೊದಲು ಮಲಗಿಸು."

"ಎಷ್ಟು ಹೇಳಿ ಸ್ವಾಮಿ. ಇವಳ ಭಾರ ನನಗೆ ಅಭ್ಯಾಸ. ಇನ್ನೂ ನಿಂತಿರಬಲ್ಲೆ."

ಹೇಳಲಿಲ್ಲ. ಬಡಗಿ ಒಳಗೆ ಹೋಗಲಿಲ್ಲ. ಅವನ ಹಿಂದೆ ಬಂದವಳೂ ನಿಂತು ಕೇಳಿದಳು. ಅವಳ ಹಿಂದೆ ಬಂದವರೂ. ಹೊತ್ತು ಮುಳುಗುವ ಮೊದಲು ಪ್ರತಿ ಬಾಗಿಲ ಮುಂದೆಯೂ ಜನ ಬೀದಿಯಲ್ಲೇ ಚಾಪೆ ಹಾಸಿ ಕೂತಿದ್ದರು. ಬೆಳಿಗ್ಗೆ ಶಂಖ ಊದಿದಾಗ ಒಡೆಯರು ಬಾಗಿಲಲ್ಲಿ ಬಂದು ನಿಂತರು. ಹಿಡಿಯಲು ಗಲ್ಲಗಳಿರಲಿಲ್ಲ.

ಅದು ಮರುದಿನವೂ ಆಯಿತು. ಅದರ ಮರುದಿನವೂ. ನಾಲ್ಕನೆಯ ಮಧ್ಯಾಹ್ನ ಅತ್ತೆ ಕಲ್ಲಿನಿಂದ ಎದ್ದು ಸೆರಗು ಸಿಕ್ಕಿಸಿಕೊಂಡಳು. "ಎರಡು ದಾರಿಯನ್ನೂ ನೀನೊಬ್ಬಳೇ ಹೇಗೆ ನೋಡುತ್ತೀಯೆ? ತೆಂಕಣ ದಾರಿ ನನಗೆ ಬಿಡು," ಅಂದಳು.

"ನಿಮಗೆ ಕಣ್ಣು ಕಾಣುವುದಿಲ್ಲವಲ್ಲ ಅತ್ತೆ."

"ತುರ್ತು ಇದ್ದವರು ಉಸಿರಾಡುವ ರೀತಿಯೇ ಬೇರೆ ಕಣೇ. ಕಣ್ಣೇ ಬೇಕಾಗಿಲ್ಲ." ಅತ್ತೆ ದಾರಿಗೆ ಹೋಗಿ ನಿಂತಳು. ಮೂವತ್ತು ವರ್ಷ ಕಿವಿಯಲ್ಲಿ ಮಾತ್ರ ಮಾತಾಡಿದ್ದ ಗಂಟಲು ಮೊದಲು ಒಡೆಯಿತು. ಆಮೇಲೆ ಹೊಳೆಯಾಚೆಗೂ ಕೇಳುವ ಹಾಗೆ ಕೂಗಿತು: "ಐವತ್ತು! ನಿನಗೆ ಐವತ್ತು ಹೇಳುತ್ತಾರೆ ಕಣಮ್ಮ! ಮೊದಲೇ ಕೇಳು!"

ಆರನೆಯ ದಿನ ತೊಂಬತ್ತು ಕೋಣೆಯವನು ಕಲ್ಲಿನ ಬಳಿ ಬಂದ. ಒಬ್ಬನೇ ಬಂದ. ಮೂರು ಕೋಣೆಯವಳ ಮುಂದೆ ದಾರಿಹೋಕರು ಸಾಲಾಗಿ ನಿಂತಿದ್ದರು. ಇಳಿಬಿಸಿಲು ಅವರ ಮುಖದ ಮೇಲೆ ಬೀಳುತ್ತಿತ್ತು.

"ತಂಗೀ, ಮುದ್ರೆ ತೆಗೆಸುತ್ತೇನೆ. ನಿನ್ನ ಮೂರು ಕೋಣೆ ನಿನಗೆ."

"ಹಲಗೆ?"

"ಹಲಗೆಯೂ ಕೊಡುತ್ತೇನೆ." ಅವನು ತಡೆದ. "ಖಾಲಿ ಹಲಗೆ."

"ಬೇಡ."

"ಮಳೆಗಾಲ ಬರುತ್ತಿದೆ. ಮುದುಕಿಯನ್ನು ಕಟ್ಟಿಕೊಂಡು ಎಲ್ಲಿರುತ್ತೀ?"

"ಇಲ್ಲೇ."

ಅವನು ಅಲ್ಲೇ ನಿಂತ. ಅವನ ನೆರಳು ಸಾಲಿನ ಮುಂದಿದ್ದ ಮುದುಕಿಯ ಮುಖದ ಮೇಲೆ ಬಿದ್ದಿತ್ತು.

"ಅಣ್ಣಾ, ಸ್ವಲ್ಪ ಪಕ್ಕಕ್ಕೆ ಸರಿಯಿರಿ," ಅಂದಳು ಅವಳು. "ಬೆಳಕಿಗೆ ಅಡ್ಡ ಬಂದಿದ್ದೀರಿ."

ಅವನು ಸರಿದ.